ಬೆಳ್ಳಿ ಚಮಚಕ್ಕೆ ಬಿದ್ದ ಬಾಳೆ

ನಾನೀಗ ಹೇಳುವುದನ್ನು ನೀವು ನಂಬುವುದಿಲ್ಲ. ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಮ್ಮ ಮನೆಯವರೇ ನನ್ನ ಮಾತನ್ನು ಅರ್ಧ ಕತ್ತರಿಸಿ ಎಸೆದು, ಉಳಿದರ್ಧವನ್ನು ತೊಳೆದು ನಂಬುತ್ತಾರೆ. ಆದರೂ ಹೇಳುತ್ತೇನೆ. ಮೀನು ಎಂಬ ಮಾತನ್ನೇ ಹೊಸ್ತಿಲು ದಾಟಲು ಬಿಡದ ಮನೆಯ ಹುಡುಗನಾದ ನಾನು, ಹೊಳೆನರಸೀಪುರದ ಹೇಮಾವತಿಯಲ್ಲಿ ನನ್ನಷ್ಟೇ ಉದ್ದದ ಮೀನು ಹಿಡಿದೆ. ಸರಿ, ನನ್ನ ಎದೆಮಟ್ಟ ಬರುವಷ್ಟು. ನಾನು ಕೂತಿದ್ದಾಗ.

ಇದಕ್ಕೆಲ್ಲ ಕಾರಣ ಹೊಟ್ಟೆಕಿಚ್ಚು. ಅದಕ್ಕೊಂದು ಹೆಸರೂ ಇದೆ: ಕೆಂಚ.

ಕೆಂಚ ಅರಕಲಗೂಡು ಕಡೆಯವನು. ಹೈಸ್ಕೂಲು ಓದಲೆಂದು ನಮ್ಮೂರಿನ ಹೊಳೆದಂಡೆಯಲ್ಲಿದ್ದ ಮಾವನ ಮನೆಗೆ ಬಂದು ಸೇರಿದ್ದ. ಲೆಕ್ಕದಲ್ಲಿ ನನಗಿಂತ ಹಿಂದೆ, ಓಟದಲ್ಲಿ ನನಗಿಂತ ಹಿಂದೆ. ಮೀಸೆಯಂತೂ ಅವನಿಗೆ ಬಂದೇ ಇರಲಿಲ್ಲ; ನನಗೆ ಬಂದಿತ್ತು, ಬೆಳಕು ಸರಿಯಾದ ಕಡೆಯಿಂದ ಬಿದ್ದರೆ ಕಾಣುತ್ತಿತ್ತು. ಇಂಥವನ ಮೇಲೆ ಹೊಟ್ಟೆಕಿಚ್ಚು ಪಡುವ ಅಗತ್ಯವಾದರೂ ಏನಿತ್ತು? ಆದರೆ ಅವನ ಮಾವ ಕಾಫಿ ತೋಟದ ದೊರೆಯೊಬ್ಬನ ಕಾರು ಓಡಿಸುತ್ತಿದ್ದ. ದೊರೆ ಯುದ್ಧಕ್ಕೆ ಹೊರಟಾಗ ತನ್ನ ಗಾಳದ ಪೆಟ್ಟಿಗೆಯನ್ನು ಡ್ರೈವರನಿಗೆ ಕೊಟ್ಟುಹೋದ. ಹಿಟ್ಲರನಿಂದ ಲೋಕಕ್ಕೆಲ್ಲ ಆದ ನಷ್ಟ ನಿಮಗೆ ಗೊತ್ತು. ನನಗಾದದ್ದು ಇದು.

ಆ ಪೆಟ್ಟಿಗೆಯಲ್ಲಿ ಚಮಚದ ಬಟ್ಟಲಿನಂತೆ ಹೊಳೆಯುವ ತಗಡೊಂದಿತ್ತು, ಅದರ ಬಾಲಕ್ಕೆ ಗಾಳ. ನಮ್ಮೂರವರು ದಡದಲ್ಲಿ ಕೂತು, ಎರೆಹುಳು ಸಿಕ್ಕಿಸಿ, ಮೀನಿನ ದಯೆಗೆ ಕಾಯುವವರು. ಕೆಂಚ ಹಾಗಲ್ಲ. ಹರಿಗೋಲಿನ ಹಿಂದೆ ಉದ್ದಕ್ಕೆ ದಾರ ಬಿಟ್ಟು, ಆ ತಗಡನ್ನು ನೀರೊಳಗೆ ಎಳೆದುಕೊಂಡು ಹೋಗುತ್ತಿದ್ದ. ಅದಕ್ಕೆ ಎಳೆಗಾಳ ಎಂದು ತಾನೇ ಹೆಸರಿಟ್ಟಿದ್ದ. ಒಂದು ಭಾನುವಾರ ಬಾಳೆ ಮೀನೊಂದನ್ನು ಹೆಗಲ ಮೇಲೆ ಹಾಕಿಕೊಂಡು ಪೇಟೆ ಬೀದಿಯಲ್ಲಿ ನಡೆದುಹೋದ. ಸೋಮವಾರ ಇಡೀ ಕ್ಲಾಸು ಅವನ ಸುತ್ತ ಕೂತಿತ್ತು.

"ಮೆಲ್ಲಗೆ ಉಟ್ಟಾಕ್ಬೇಕು ಕಣ್ಲಾ," ಎಂದು ಕೆಂಚ ಪಾಠ ಮಾಡುತ್ತಿದ್ದ. "ಜೋರಾಗೋದ್ರೆ ತಗಡು ಮ್ಯಾಕ್ ಬತ್ತದೆ, ನಿಂತ್ರೆ ತಳಕ್ಕೋಯ್ತದೆ. ಮಡೂನ ಅಂಚಲ್ಲೇ ಓಗ್ತಾ ಇರ್ಬೇಕು. ಬಾಳೆಗೆ ಅಸಿವಿರಾಕಿಲ್ಲ ಕಣ್ಲಾ. ಮುಂದ್ಗಡೆ ಯಾವ್ದೋ ಮಿಣಮಿಣಾಂತ ಓಯ್ತಾ ಅದಲ್ಲಾ, ಅದ್ಕೇ ತಡ್ಕಳಕ್ಕಾಗಾಕಿಲ್ಲ. ಬಂದು ಕಚ್ಬುಡ್ತದೆ."

ಎಲ್ಲರೂ ಆಹಾ ಎಂದರು. ನಾನೊಬ್ಬ ಕಿಟಕಿಯಾಚೆ ನೋಡುತ್ತ, ಅದೇನು ದೊಡ್ಡದು ಎಂಬ ಮುಖ ಮಾಡಿಕೊಂಡಿದ್ದೆ. ಆ ರಾತ್ರಿ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಅಂದರೆ ಎರಡು ಇಳಿದವು, ರುಚಿ ಮಾತ್ರ ತಿಳಿಯಲಿಲ್ಲ. ನನಗೆ ಬೇಕಾದದ್ದು ಮೀನಲ್ಲ. ಹಿಡಿದರೂ ನಾನದನ್ನು ತಿನ್ನುವವನಲ್ಲ. ನಾನು ಹಿಡಿದದ್ದನ್ನು ನೋಡಿ ಕೆಂಚನ ಮುಖ ಒಂದೇ ಒಂದು ಸಲ ಹುಳ್ಳಗಾಗಬೇಕು. ಅಷ್ಟು ಸಾಕಿತ್ತು.

ಹೊಳೆಯುವ ತಗಡಿಗೆ ಎಲ್ಲಿ ಹೋಗಲಿ? ನಮ್ಮಲ್ಲಿ ಹೊಳೆಯುವ ವಸ್ತುವೆಂದರೆ ಅವ್ವನ ತುಪ್ಪದ ಚಮಚವೊಂದೇ. ಅಚ್ಚ ಬೆಳ್ಳಿ, ಚನ್ನರಾಯಪಟ್ಟಣದ ತವರುಮನೆಯಿಂದ ಬಂದದ್ದು, ಹಿಡಿಯ ತುದಿ ಸುರುಳಿಯಾಗಿತ್ತು. ದಾರ ಕಟ್ಟಲೆಂದೇ ನಮ್ಮ ತಾತ ಹಾಗೆ ಮಾಡಿಸಿದಂತಿತ್ತು. ಸಂತೆಯಲ್ಲಿ ಕೊಂಡ ಗಾಳವನ್ನು ಬಟ್ಟಲಿನ ಬುಡಕ್ಕೆ ನೂಲಿನಿಂದ ಬಿಗಿದೆ. ಮಧ್ಯಾಹ್ನದ ಊಟದೊಳಗೆ ಚಮಚ ಅದರ ಜಾಗಕ್ಕೆ ಮರಳಿದರೆ ಯಾರಿಗೆ ತಿಳಿಯುತ್ತದೆ?

ಹೊರಡುವಾಗ ನಡುಮನೆಯಲ್ಲಿ ಅಪ್ಪಯ್ಯ ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದರು.

"ಬೆಳಬೆಳಗ್ಗೆ ಎಲ್ಲಿಗ್ಲಾ ಸವಾರಿ?"

"ಬಾಳೆಗೆ, ಅಪ್ಪಯ್ಯ."

"ಯಾರ ತ್ವಾಟದ್ದು?"

"ಹೊಳೆ ಕಡೇದು."

"ಒಳ್ಳೇದಾಯ್ತು. ಮಠದ ಅಯ್ಯನೋರು ಮಧ್ಯಾಹ್ನಕ್ಕೆ ಪ್ರಸಾದಕ್ಕೆ ಬತ್ತಾ ಅವ್ರೆ. ಚೆನ್ನಾಗಿರೋದ್ನೇ ನೋಡಿ ತತ್ತಾ."

ನಾನು ಒಂದು ಅಕ್ಷರ ಸುಳ್ಳು ಹೇಳಿರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಆ ಮೀನಿಗೆ ಬಾಳೆ ಎಂದು ಹೆಸರಿಟ್ಟವನು ನಾನಲ್ಲ. ಅದಕ್ಕೆ ಹುರುಪೆ ಇಲ್ಲ, ಮೈ ಬಾಳೆಯ ದಿಂಡಿನಂತೆ ನುಣ್ಣಗೆ, ಅದಕ್ಕೇ ಆ ಹೆಸರು ಬಂದಿರಬೇಕು. ಯಾರೋ ಪೂರ್ವಿಕ ನನ್ನಂಥ ಮನೆಯ ಹುಡುಗನ ಮೇಲೆ ಕರುಣೆ ತೋರಿ ಹಾಗೆ ಕರೆದಿರಲಿಕ್ಕೂ ಸಾಕು.

ಹೊಳೆದಂಡೆಯಲ್ಲಿ ಕಟ್ಟಿದ್ದ ಹರಿಗೋಲೊಂದನ್ನು ಬಿಚ್ಚಿಕೊಂಡೆ. ಹರಿಗೋಲು ಎಂದರೆ ಬುಟ್ಟಿಗೆ ಚರ್ಮ ಹೊದಿಸಿದ ದೋಣಿ. ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಹುಟ್ಟು ಹಾಕಲು ಬಲ್ಲವನಿಗೆ ಅದು ನೆಟ್ಟಗೆ ಹೋಗುತ್ತದೆ, ಬಾರದವನಿಗೆ ಬುಗುರಿಯಾಗುತ್ತದೆ. ನಾನು ರುದ್ರಪಟ್ಟಣದ ಸಂಗೀತದವರು ತಾಳ ಹಾಕುವಷ್ಟು ಶ್ರದ್ಧೆಯಿಂದ ಹುಟ್ಟು ಹಾಕಿದೆ. ಹರಿಗೋಲು ಇದ್ದಲ್ಲೇ ಗಿರಗಿರ ತಿರುಗಿತು. ದಡ, ಮರ, ದಡದಲ್ಲಿ ಹಲ್ಲು ಕಿರಿಯುತ್ತ ನಿಂತಿದ್ದ ಕೆಂಚ, ಮತ್ತೆ ಮರ, ಮತ್ತೆ ಕೆಂಚ. ಹಿಂದೆ ಬಿಟ್ಟ ದಾರವೆಲ್ಲ ಹರಿಗೋಲಿನ ಹೊಟ್ಟೆಗೆ ನೂಲಿನುಂಡೆಯಂತೆ ಸುತ್ತಿಕೊಳ್ಳತೊಡಗಿತು. ಅಷ್ಟರಲ್ಲಿ ದಾರ ಜಗ್ಗಿತು. ನಾನು ಹೆದರಿ ಇನ್ನೂ ಜೋರಾಗಿ ಹುಟ್ಟು ಹಾಕಿದೆ, ಹರಿಗೋಲು ಇನ್ನೂ ಜೋರಾಗಿ ತಿರುಗಿತು. ತಿರುಗಿ ತಿರುಗಿ ಮೀನು ತಾನಾಗಿಯೇ ಅಂಚಿಗೆ ಬಂದು ಅಂಟಿಕೊಂಡಿತು. ಅದಕ್ಕೂ ತಲೆ ಸುತ್ತು ಬಂದಿತ್ತೆಂದು ಕಾಣುತ್ತದೆ, ನನ್ನ ಮೇಲೆ ಒಂದು ಸಲವೂ ಬಾಲ ಬಡಿಯಲಿಲ್ಲ.

ದಡ ಸೇರಿದಾಗ ಕೆಂಚ ಅಂದ: "ನೀನ್ ಇಡೀಲಿಲ್ಲ ಕಣ್ಲಾ, ಸುತ್ಕೊಂಡೆ."

ಆದರೆ ಚಮಚ ಮೀನಿನ ಗಂಟಲಿಗೆ ಇಳಿದು, ಸುರುಳಿ ಹಿಡಿಯಷ್ಟೇ ಬಾಯಿಂದ ಹೊರಗಿತ್ತು. ಎಳೆದರೆ ಬರಲೊಲ್ಲದು. ಬಿಸಿಲು ನೆತ್ತಿಗೇರುತ್ತಿತ್ತು.

"ಕೊಡಿಲ್ಲಿ, ನಮ್ಮನೇಲಿ ಕೊಯ್ದು ಚಮ್ಚ ತಗ್ಕೊಡ್ತೀನಿ."

ಬುದ್ಧಿ ಇದ್ದವನು ಕೊಟ್ಟುಬಿಡುತ್ತಿದ್ದ. ಆದರೆ ಕೆಂಚನ ಮನೆಯಲ್ಲಿ ಕೊಯ್ದರೆ ಅದು ಕೆಂಚನ ಮೀನಾಗಿಬಿಡುವುದಿಲ್ಲವೇ? ನಾಳೆ ಕ್ಲಾಸಿನಲ್ಲಿ ಅವನ ಸುತ್ತಲೇ ಎಲ್ಲರೂ ಕೂರುತ್ತಾರೆ. "ನಂದು ನಾನೇ ತಗೀತೀನಿ ಬುಡ್ಲಾ," ಎಂದು, ಮೀನನ್ನು ಎರಡು ಬಾಳೆಲೆಯಲ್ಲಿ ಸುತ್ತಿ ಹೊತ್ತುಕೊಂಡು ಹೊರಟೆ. ದಾರಿಯಲ್ಲಿ ನನಗೊಂದು ಯೋಚನೆ ಬಂತು. ಈ ಮೀನಿಗೆ ಹಸಿವಿರಲಿಲ್ಲ, ಮುಂದೆ ಏನೋ ಹೊಳೆಯುತ್ತ ಹೋದದ್ದನ್ನು ತಡೆಯಲಾಗದೆ ಬಾಯಿ ಹಾಕಿತು. ಕೆಂಚ ಒಂದು ಭಾನುವಾರ ನನ್ನ ಮುಂದೆ ಮಿಣಮಿಣ ಎನ್ನುತ್ತ ಪೇಟೆ ಬೀದಿಯಲ್ಲಿ ನಡೆದುಹೋದ, ಅಷ್ಟೆ. ನಾನು, ಮೀನು ಇಬ್ಬರಲ್ಲಿ ಯಾರು ಯಾರನ್ನು ಹೊತ್ತಿದ್ದೇವೆಂದು ನನಗೇ ಅನುಮಾನವಾಯಿತು.

ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮೀನನ್ನು ಮಲಗಿಸಿ, ಎಲೆ ಸರಿಸಿ, ಅದರ ಬಾಯಿಗೆ ಕೈ ಹಾಕಿದೆ. ನನ್ನ ಹಿಂದೆಯೇ ಬಂದಿದ್ದ ಕೆಂಚ ಬೇಲಿಯಾಚೆಯಿಂದ ಇಣುಕಿದ. ಕಲ್ಲಿನ ಈ ತುದಿಯಿಂದ ಆ ತುದಿಯವರೆಗೆ ಚಾಚಿದ್ದ ಮೀನನ್ನು ನೋಡಿದ. ಅವನ ಮುಖ ಹುಳ್ಳಗಾಯಿತು.

"ನಂದ್ಕಿಂತ ಒಂದ್ ಗೇಣು ಉದ್ದ ಐತಲ್ಲೋ," ಎಂದ, ಮೆಲ್ಲಗೆ.

ಅಯ್ಯೋ, ಆ ಗಳಿಗೆ! ಅದನ್ನು ಬೆಲ್ಲದ ಅಚ್ಚಿನಂತೆ ಕಟ್ಟಿಡಲು ಬರುವಂತಿದ್ದರೆ ಈಗಲೂ ದಿನಕ್ಕೊಂದು ಚೂರು ಮುರಿದು ಚಪ್ಪರಿಸುತ್ತಿದ್ದೆ.

"ತುಪ್ಪದ ಚಮಚ ಯಾರಾದ್ರೂ ಕಂಡ್ರೇನ್ರೋ?" ಅಡುಗೆಮನೆಯಿಂದ ಅವ್ವ ಕೂಗಿದಳು. ಕೆಂಚನ ತಲೆ ಬೇಲಿಯಿಂದ ಮಾಯವಾಯಿತು.

ಹಿತ್ತಿಲ ಬಾಗಿಲು ಕಿರ್ರೆಂದಿತು. ಮಡಿ ಪಂಚೆಯುಟ್ಟ ಅಪ್ಪಯ್ಯ ಹೊಸ್ತಿಲ ಮೇಲೆ ನಿಂತಿದ್ದರು.

"ಅಯ್ಯನೋರು ಎಲೆ ಮುಂದೆ ಕೂತವ್ರೆ. ಎಲ್ಲೋ ಬಾಳೆ?"

ನನ್ನ ಕೈ ಮೊಣಕೈವರೆಗೆ ಉತ್ತರದೊಳಗೇ ಇತ್ತು. ಅಪ್ಪಯ್ಯ ನನ್ನನ್ನು ನೋಡಿದರು, ಕಲ್ಲನ್ನು ನೋಡಿದರು, ಮೀನಿನ ತುಟಿಯಂಚಿನಲ್ಲಿ ಹೊಳೆಯುತ್ತಿದ್ದ ಬೆಳ್ಳಿ ಸುರುಳಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಿರುಗಿ, ನಡುಮನೆಗೆ ಕೇಳಿಸದಷ್ಟು ತಗ್ಗಿದ ದನಿಯಲ್ಲಿ ಅವ್ವನಿಗೆ ಹೇಳಿದರು:

"ಚಮಚ ಸಿಕ್ತು ಕಣೇ. ಬಾಳೆ ತುಪ್ಪ ತಿಂತಾ ಐತೆ. ಬಾರುಕೋಲು ಎಲ್ಲೈತೆ?"