ಕಣ್ಣು ಕಟ್ಟಿಕೊಂಡು ಹುಡುಕುವ ಸಿಲಿಂಡರ್

ನನ್ನ ಚಿಕ್ಕಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ. ನೂಲಿನ ಕಾರ್ಖಾನೆಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿರಬೇಕೆಂದು ನಿರ್ಧರಿಸುವುದು ಅವಳ ಕೆಲಸ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗೋಡೆ ತಡವುತ್ತ ನಡೆಯುತ್ತಾಳೆ. ಸಿಲಿಂಡರ್ ಕೈಗೆ ಸಿಕ್ಕರೆ ಮಾತ್ರ ಆ ಜಾಗ ಸರಿ.

ಬಾಗಿಲ ಪಕ್ಕ ಅವಳು ಹಾಕಿಸಿದ್ದನ್ನು ಮಾಲೀಕ ರಟ್ಟಿನ ಪೆಟ್ಟಿಗೆಗಳ ಹಿಂದಕ್ಕೆ ಸಾಗಿಸಿದ. ನೋಡಲು ಚೆನ್ನಾಗಿಲ್ಲವಂತೆ! ಚಿಕ್ಕಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

“ಇಲ್ಲೇ ಇದೆಯಲ್ಲಮ್ಮ, ಯಾಕೆ ಕೂಗಾಡ್ತೀರಿ?” ಎಂದ ಮಾಲೀಕ.

“ಹಾಗಾದ್ರೆ ನೀವೇ ಹುಡುಕಿ,” ಎಂದು ಅವನ ಕಣ್ಣಿಗೇ ಬಟ್ಟೆ ಬಿಗಿದಳು.

ಅವನು ಪೆಟ್ಟಿಗೆಗಳನ್ನು ಎಡವಿ ಬಿದ್ದು, ಮಂಡಿ ತರಚಿಕೊಂಡು, ಸಿಟ್ಟಿನಿಂದ ಬಟ್ಟೆ ಕಿತ್ತೆಸೆದ.

“ಬಟ್ಟೆ ಏನೋ ಕಿತ್ತುಬಿಟ್ರಿ,” ಎಂದಳು ಚಿಕ್ಕಮ್ಮ. “ನಾಳೆ ಹೊಗೆ ತುಂಬಿದ್ರೆ ಅದನ್ನ ಹೇಗೆ ಕೀಳ್ತೀರಿ?”