ಹಸಿರು ದೀಪಕ್ಕೆ ಬೆನ್ನು ಹಾಕಿಸಿದವರು

ಆಸ್ಪತ್ರೆಯ ಸಿಬ್ಬಂದಿಗೆ ಪಾಠ ಹೇಳುವುದು ಶಾಲೆಯಲ್ಲಿ ಪಾಠ ಹೇಳಿದಷ್ಟು ಸುಲಭವಲ್ಲ. ಕೂತವರ ಕಾಲು ನೋಯುತ್ತಿರುತ್ತದೆ, ಕಿವಿ ವಾರ್ಡಿನ ಕಡೆಗಿರುತ್ತದೆ, ಅರ್ಧ ಪಾಠಕ್ಕೇ ಕರೆ ಬರುತ್ತದೆ. ಇಂಥವರನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಬೇಸರವಾಗದಂತೆ ಕಲಿಸಿ, ಕಲಿತದ್ದು ರೋಗಿಯ ಹಾಸಿಗೆಯವರೆಗೂ ತಲುಪುವಂತೆ ಮಾಡಿದವರು ನಮ್ಮ ತರಬೇತಿ ವಿಭಾಗದ ಮುಖ್ಯಸ್ಥೆ, ನಮ್ಮೆಲ್ಲರ ಬಾಯಲ್ಲಿ ದೊಡ್ಡ ಮೇಡಂ. ಅವರ ಜೊತೆ ಬಹುಕಾಲ ದುಡಿದ ವಾರ್ಡಿನ ಹಿರಿಯ ದಾದಿಯಾಗಿ, ಅವರ ನಿವೃತ್ತಿಯ ಈ ಸಂದರ್ಭದಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ ನನ್ನದಾಗಿದೆ.

ಅವರೂ ದಾದಿಯಾಗಿಯೇ ಸೇರಿದವರು. ತರಬೇತಿಗೆಂದು ಅವರಿಗೆ ಸಿಕ್ಕ ಕೋಣೆಯಲ್ಲಿ ಮುರಿದ ಗಾಲಿಕುರ್ಚಿಗಳು ತುಂಬಿದ್ದವು. ಅವನ್ನು ಸಾಗಹಾಕಿ, ಗೋಡೆಗೆ ಬಣ್ಣ ಹೊಡೆಸಿ, ಕಂಪ್ಯೂಟರು ಹಾಕಿಸಿದರು. ಅದರ ಪರದೆ ಮುಟ್ಟಲು ಹೆದರುತ್ತಿದ್ದ ಹಿರಿಯ ಆಯಾಗಳಿಗೆ ಮೊದಲು ಮೊಮ್ಮಕ್ಕಳ ಫೋಟೋ ದೊಡ್ಡದು ಮಾಡಿ ನೋಡುವುದನ್ನು ಕಲಿಸಿದರು. ಕೈ ತೊಳೆಯುವ ಪಾಠ ಆಮೇಲೆ ಬಂತು. ಪಾಠಗಳನ್ನು ಮೊಬೈಲಿಗೆ ಹಾಕಿಸಿದಾಗ ನಾವು ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟು, ಪಾಠವನ್ನು ಅದರ ಪಾಡಿಗೆ ಓಡಲು ಬಿಟ್ಟು ಅಡುಗೆ ಮಾಡುತ್ತಿದ್ದೆವು. ಅದು ಗೊತ್ತಾದರೂ ಅವರು ಬೈಯಲಿಲ್ಲ, ಅನ್ನ ಬೇಯುವಷ್ಟರಲ್ಲಿ ಮುಗಿಯುವಂತೆ ಪಾಠವನ್ನೇ ಕತ್ತರಿಸಿದರು.

ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸುವುದನ್ನು ಕಲಿಸಲು ಅವರು ಒಂದು ಗೊಂಬೆ ತರಿಸಿದರು. ಎಷ್ಟು ಗುದ್ದಿದರೂ ತುಟಿ ಪಿಟಕ್ಕೆನ್ನದ ಅದಕ್ಕೆ ನಾವು ಭಾವ ಎಂದು ಹೆಸರಿಟ್ಟೆವು. ಸರಿಯಾದ ಆಳಕ್ಕೆ ಒತ್ತಿದರೆ ಗೋಡೆಯ ಪರದೆಯ ಮೇಲೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ಎಡವಟ್ಟಾದದ್ದು ಅಲ್ಲೇ.

ಮಾತಿನ ವೇಗಕ್ಕೆ ರೈಲು ಎಂದೇ ಹೆಸರಾದ ನಮ್ಮ ಕಿರಿಯ ದಾದಿ ಭಾವನ ಮೇಲೆ ಸದಾ ಹಸಿರು ಬರಿಸುತ್ತಿದ್ದಳು. ಒಂದು ಮಧ್ಯಾಹ್ನ ವಾರ್ಡಿನಲ್ಲಿ ರೋಗಿಯೊಬ್ಬರ ಹೃದಯ ನಿಂತಾಗ ಮೊದಲು ಓಡಿದವಳೂ ಅವಳೇ. ಆದರೆ ಎದೆ ಒತ್ತುತ್ತಾ ತಲೆ ಎತ್ತಿ ಗೋಡೆ ನೋಡಿದಳು. ಅಲ್ಲಿದ್ದದ್ದು ಬರೀ ಕ್ಯಾಲೆಂಡರ್. ಹಸಿರು ಕಾಣದೆ ಕೈ ತಡವರಿಸಿ ನಿಂತಿತು. ಪಕ್ಕದಲ್ಲಿದ್ದ ವೈದ್ಯರು ಅವಳನ್ನು ಸರಿಸಿ ತಾವೇ ಒತ್ತಿದರು, ರೋಗಿ ಉಳಿದರು. ರೈಲು ಮಾತ್ರ ಮಾತೇ ಬಿಟ್ಟಳು, ಕೆಲಸವನ್ನೂ ಬಿಡುತ್ತೇನೆಂದಳು. ಗೊಂಬೆ, ಪರದೆ ಎಲ್ಲ ಕಟ್ಟಿಡಿ, ಆ ಹುಡುಗಿಯನ್ನು ರೋಗಿಗಳಿಲ್ಲದ ಕಡೆ ಹಾಕಿ ಎಂದು ಆಡಳಿತಾಧಿಕಾರಿಗಳು ಹೇಳಿದರು.

ಮೇಡಂ ದನಿ ಏರಿಸಲಿಲ್ಲ. ದೀಪ ನೋಡಲು ಕಲಿಸಿದ್ದು ತಾವೇ, ಅವಳು ಕಲಿತಂತೆಯೇ ಮಾಡಿದ್ದಾಳೆ, ತಿದ್ದಬೇಕಾದದ್ದು ಪಾಠವನ್ನು ಎಂದು ಹೇಳಿ ಇನ್ನೊಂದು ಅವಕಾಶ ಪಡೆದರು. ಮರುದಿನ ರೈಲಿನ ಕೈಹಿಡಿದು ಕರೆತಂದು, ಪರದೆ ಅವಳ ಬೆನ್ನಿಗೆ ಬರುವಂತೆ ಗೊಂಬೆಯನ್ನು ತಿರುಗಿಸಿ ಮಲಗಿಸಿದರು.

"ದೀಪಾನೇ ಕಾಣಲ್ವಲ್ಲ ಮೇಡಂ, ಸರಿ ಇದ್ಯೋ ಇಲ್ವೋ ಹೇಗೆ ಗೊತ್ತಾಗ್ಬೇಕು?"

"ದೀಪ ನಾನು ನೋಡ್ತೀನಿ ಕಣೇ. ನೀನು ಒತ್ತು, ಜೋರಾಗಿ ಎಣಿಸು. ಕೈಗೆ ಏನನ್ಸುತ್ತೆ ಹೇಳು, ಆಮೇಲೆ ತಿರುಗಿ ನೋಡು."

"ಭಾವ ಬೇಜಾರು ಮಾಡ್ಕೊಂಡ್ರೆ?"

"ನಿನ್ನ ಮಾತು ಕೇಳೋದಕ್ಕಿಂತ ಗುದ್ದಿಸ್ಕೊಳ್ಳೋದೇ ವಾಸಿ ಅಂತಾನೆ."

ಅತ್ತು ಊದಿದ್ದ ಮುಖದಲ್ಲಿ ನಗು ಬಂತು. ಕ್ರಮೇಣ ತಿರುಗಿ ನೋಡುವ ಮೊದಲೇ ಈಗ ಹಸಿರು ಎಂದು ಅವಳು ಹೇಳುವುದು, ಪರದೆ ಹೌದೆನ್ನುವುದು ಮಾಮೂಲಾಯಿತು. ಅಂದಿನಿಂದ ನಮ್ಮಲ್ಲಿ ಎಲ್ಲರಿಗೂ ಇದೇ ಕ್ರಮ: ಮೊದಲು ದೀಪ ನೋಡಿ ಕೈ ಪಳಗಬೇಕು, ಆಮೇಲೆ ದೀಪಕ್ಕೆ ಬೆನ್ನು ಹಾಕಬೇಕು.

ಮುಂದೊಮ್ಮೆ ಔಷಧಿ ಕೌಂಟರಿನ ಸಾಲಿನಲ್ಲಿ ನಿಂತಿದ್ದ ಹಿರಿಯರೊಬ್ಬರು ಹೃದಯ ನಿಂತು ಕುಸಿದುಬಿದ್ದರು. ರೈಲು ಮಂಡಿಯೂರಿ ಎದೆ ಒತ್ತಿದಳು, ಇಡೀ ಮಹಡಿಗೆ ಕೇಳುವಂತೆ ಎಣಿಸಿದಳು, ಅತ್ತಿತ್ತ ನೋಡಲಿಲ್ಲ. ಎರಡು ದಿನ ಬಿಟ್ಟು ಆ ಹಿರಿಯರು, ತಮ್ಮ ಎದೆಯ ಮೇಲೆ ಕುಣಿದ ಮಹಾತಾಯಿ ಯಾರೆಂದು ಪಕ್ಕೆ ಹಿಡಿದುಕೊಂಡೇ ವಿಚಾರಿಸಿದರು. ಸುದ್ದಿ ಕೇಳಿದ ಮೇಡಂ ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಬಂದು ರೈಲನ್ನು ಅಪ್ಪಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ.

ತರಬೇತಿ ಕೋಣೆ ಇನ್ನು ರೈಲಿನದು. ಹಾಗೆಂದು ಮೇಡಂ ತಾವೇ ಹಟ ಹಿಡಿದು ಆದೇಶ ಮಾಡಿಸಿದ್ದಾರೆ. ಅತ್ತ ಅವರ ಮನೆಯವರು, ಇನ್ನು ನಮಗೂ ಪರೀಕ್ಷೆ ಶುರು ಎಂದು ಈಗಲೇ ಹೆದರಿದ್ದಾರಂತೆ. ಮೇಡಂ ಅವರ ಆರೋಗ್ಯ ಗಟ್ಟಿಯಾಗಿರಲಿ, ಆಯುಸ್ಸು ಬೆಳೆಯಲಿ, ಕಲಿಸುವ ಚಟ ಮಾತ್ರ ಬಿಡದಿರಲಿ. ರೈಲಿನ ಮೊದಲ ತರಗತಿಗೆ ಅವರು ಬಂದು ಹಿಂದಿನ ಸಾಲಿನಲ್ಲಿ ಕೂರಬೇಕು. "ಅವರು ತಪ್ಪು ಹುಡುಕ್ಲಿ ಅಕ್ಕ, ನಾನು ಪಾಠ ನಿಲ್ಲಿಸಲ್ಲ," ಎಂದು ಅವಳು ನನ್ನ ಕೈಯಲ್ಲಿ ಹೇಳಿಕಳಿಸಿದ್ದಾಳೆ.