ಬಾಗಿಲು ಕಿತ್ತ ಮೇಸ್ತ್ರಿ

ಒಳ್ಳೆಯದು ಮಾಡುತ್ತೇವೆ ಅಂತ ಬಂದವರು ನಿಮ್ಮನ್ನು ಒಂದು ಮಾತೂ ಕೇಳದೆ ಒಳ್ಳೆಯದು ಮಾಡಿ ಹೋಗಿದ್ದಾರಾ? ಇಲ್ಲ, ನೀವೇ ಯಾರಿಗಾದರೂ ಹಾಗೆ ಮಾಡಿದ್ದೀರಾ? ನಾನು ಮಾಡಿದ್ದೇನೆ. ಅದು ತಪ್ಪು ಅಂತ ತೋರಿಸಿಕೊಟ್ಟವರು ನಮ್ಮ ಚರ್ಚಿನ ಮೇಸ್ತ್ರಿ.

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಸಿಮೆಂಟು ತಿಂದು ಅಂಗೈಯೆಲ್ಲ ಸೀಳು. ಪ್ರಸಾದಕ್ಕೆ ಆ ಕೈ ಒಡ್ಡುವ ಮುಂಚೆ ಪ್ಯಾಂಟಿಗೆ ಎರಡು ಸಲ ಒರೆಸಿಕೊಳ್ಳುತ್ತಿದ್ದರು. ಕೈ ಶುದ್ಧವಾಗಿಯೇ ಇರುತ್ತಿತ್ತು. ಬಾಯಿ ಮಾತ್ರ ಹಾಗಲ್ಲ. ಗೋಡೆ ವಾಲಿದರೆ ಫಾದರ್ ಮುಂದೆಯೇ, "ಏನ್ಲಾ, ಕುಡ್ದು ಕಟ್ಟಿದ್ಯಾ?" ಅಂತ ಕೂಗುವವರು.

ಹುಣಸೂರಿನ ನಮ್ಮ ಚರ್ಚಿಗೆ ದೊಡ್ಡ ಕಮಾನು ಕಟ್ಟಬೇಕು ಅಂತ ಸಭೆ ಸೇರಿದ್ದೆವು. ನಾನೂ ಕಮಾನಿನ ಪಾರ್ಟಿಯೇ. ಮೇಸ್ತ್ರಿ ಹಿಂದಿನ ಬೆಂಚಿನಿಂದ ಎದ್ದರು.

"ಕಟ್ಟೆಮಳಲವಾಡಿ ತಾವ ಒಬ್ಬವ್ವ ಎಲ್ಡು ಹೆಣ್ಮಕ್ಳ ಕಟ್ಕಂಡು ಟಾರ್ಪಾಲ್ ಅಡೀಲಿ ಮಲಗ್ತಾವ್ಳೆ. ನಿಮ್ ಕಮಾನಡೀಲಿ ಯಾರು ಮಲಗ್ತಾರೆ ಕಣ್ರಪ್ಪ?"

ಫಾದರ್ ನಕ್ಕುಬಿಟ್ಟರು. ಕಮಾನಿನ ಕಥೆ ಅಲ್ಲಿಗೆ ಮುಗಿಯಿತು. ಪ್ರತಿ ಭಾನುವಾರ ಪೂಜೆ ಆದಮೇಲೆ ಹೋಗಿ ಕೂಲಿಯಿಲ್ಲದೆ ಮನೆ ಕಟ್ಟುವುದು ಅಂತ ತೀರ್ಮಾನವಾಯಿತು. "ನಾಟಿಗೆ ಮುಯ್ಯಾಳು ಓಗಾಕಿಲ್ವಾ? ನೀ ನನ್ ಗದ್ದೆಗೆ, ನಾ ನಿನ್ ಗದ್ದೆಗೆ. ಅಂಗೇಯ ಇದೂವೆ" ಅಂದರು ಮೇಸ್ತ್ರಿ.

ಆಕೆ ಗಂಡ ಸತ್ತ ರೈತಾಪಿ ಹೆಂಗಸು, ನಮ್ಮ ಚರ್ಚಿನವರಲ್ಲ. ಹಿಂದಿನ ಮಳೆಗಾಲ ಟಾರ್ಪಾಲು ಹಾರಿಹೋಗಿ ಚಿಕ್ಕ ಮಗಳು ಜ್ವರ ಬಂದು ಆಸ್ಪತ್ರೆ ಸೇರಿದ್ದಳು. ಹಾಗಾಗಿ ಮುಂಗಾರು ಹಿಡಿಯುವ ಮುಂಚೆ ಸೂರು ಹಾಕಲೇಬೇಕಿತ್ತು. ನಾವು ಜೋರಾಗಿ ಪಾಯ ತುಂಬಿ, ರಸ್ತೆ ಇದ್ದದ್ದು ದಕ್ಷಿಣಕ್ಕೆ ಅಂತ ಆ ಕಡೆಗೇ ಬಾಗಿಲಿನ ಚೌಕಟ್ಟು ನಿಲ್ಲಿಸಿದೆವು.

ಆಕೆ ನಮಗೆ ಟೀ ತರುತ್ತಿದ್ದರು. ಬರುವಾಗ ಬಾಗಿಲಿನಿಂದ ಬರುತ್ತಿರಲಿಲ್ಲ. ಸುತ್ತಿಕೊಂಡು ಹೋಗಿ, ಪೂರ್ವದ ಮೊಳಕಾಲೆತ್ತರದ ಗೋಡೆಯನ್ನು ಸೀರೆ ಎತ್ತಿಕಟ್ಟಿ ದಾಟಿ ಬರುತ್ತಿದ್ದರು. ನಾವು ಟೀ ನೋಡುತ್ತಿದ್ದೆವು. ಮೇಸ್ತ್ರಿ ಆಕೆಯ ಕಾಲು ನೋಡಿದರು.

"ಯಾಕವ್ವ, ಬಾಗ್ಲಾಗೆ ಬರಾಕಿಲ್ವಾ?"

"ತೆಂಕ್ಲು ಬಾಗ್ಲು ಕಣಣ್ಣ" ಅಂದರು ಆಕೆ, ತಲೆಯೆತ್ತದೆ. "ನಮ್ ಕಡೆ ಮಡಗಾಕಿಲ್ಲ. ನೀವು ಸುಮ್ಕೆ ಕಟ್ಕೊಡ್ತಾ ಇದ್ದೀರಿ, ನಾ ಎಂಗೆ ಏಳ್ಲಿ?"

ಮೇಸ್ತ್ರಿ ಹಾರೆ ಎತ್ತಿಕೊಂಡರು. ನಾನು ಅಡ್ಡ ನಿಂತೆ. "ಪುಕ್ಕಟೆ ಮನೆಗೆ ದಿಕ್ಕು ಬೇರೆ ಕೇಡಾ? ಮಳೆ ಬರ್ತಾ ಇದೆ. ನಾವಂತೂ ಇದನ್ನೆಲ್ಲ ನಂಬಲ್ಲ."

"ನಂಬ್ಬೇಡ ಬುಡು. ಇಲ್ಲಿ ಮಲಗೋನು ನೀನಾ?" ಅಂದರು. "ನಾವ್ ಕಟ್ತಾ ಇರಾದು ಚರ್ಚಲ್ಲ ಕಣೋ, ಅವ್ವನ ಮನೆ. ಸರಿ ಆಚಿಗೆ."

ಚೌಕಟ್ಟು ಬಿತ್ತು. ಮುಂದಿನ ಭಾನುವಾರ ನಮ್ಮವರಲ್ಲಿ ಅರ್ಧ ಜನ ಬರಲಿಲ್ಲ. ಕಟ್ಟಿದ್ದನ್ನು ಒಡೆಯುವವನ ಹತ್ತಿರ ಯಾರು ದುಡಿಯುತ್ತಾರೆ ಅಂತ ಮುನಿಸು. ನಾನು ಹೋಗಿದ್ದೂ ಅವರು ಸೋಲುವುದನ್ನು ನೋಡೋಣ ಅಂತಲೇ, ಸುಳ್ಳು ಯಾಕೆ ಹೇಳಲಿ? ಆಕಾಶ ಕಪ್ಪಿಟ್ಟಿತ್ತು. ಮೇಸ್ತ್ರಿ ಒಬ್ಬರೇ ಗಾರೆ ಕಲಸುತ್ತಿದ್ದರು.

ಆ ಊರಿನವರು ಅಷ್ಟು ವಾರವೂ ಅರಳಿಕಟ್ಟೆ ಮೇಲೆ ಕೂತು ನಮ್ಮನ್ನು ಅನುಮಾನದಿಂದ ನೋಡುತ್ತಿದ್ದರು. ಇವತ್ತು ಮನೆ ಕೊಡುತ್ತಾರೆ, ನಾಳೆ ಶಿಲುಬೆ ಕಟ್ಟುತ್ತಾರೆ ಅಂತ. ಅವತ್ತು ಅವರಲ್ಲೊಬ್ಬ ಹಿರಿಯರು ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಎದ್ದು ಬಂದರು. ಹಿಂದೆ ಹತ್ತು ಹನ್ನೆರಡು ಜನ, ಕೈಯಲ್ಲಿ ಗುದ್ದಲಿ, ಬಾಂಡ್ಲಿ.

"ಬಾಗ್ಲು ಕಿತ್ತು ಮೂಡ್ಲಿಗೆ ಮಡಗ್ತಾ ಇದ್ದೀರಂತೆ?"

"ಊಂ ಕಣಣ್ಣ. ತಪ್ಪಾಗೋಗಿತ್ತು."

"ಅಂಗಾದ್ರೆ ನಾವೂ ಮುಯ್ಯಾಳೇಯ. ಏನ್ ಒರ್ಬೇಕು ಏಳಿ."

ಮುನಿಸಿಕೊಂಡಿದ್ದ ನಮ್ಮವರೂ ಸುದ್ದಿ ಕೇಳಿ ನಾಚಿಕೊಂಡು ಬಂದರು. ಮಳೆ ಹಿಡಿಯುವ ಹಿಂದಿನ ದಿನ ಕೊನೆಯ ಶೀಟು ಕೂತಿತು. ಆಕೆ ಮೂಡಲ ಬಾಗಿಲಲ್ಲಿ ಬಲಗಾಲಿಟ್ಟು ಒಳಗೆ ಹೋಗಿ ಹಾಲು ಕಾಯಿಸಿದರು. "ಉಕ್ತು, ಉಕ್ತು!" ಅಂತ ಎಲ್ಲರಿಗಿಂತ ಜೋರಾಗಿ ಕಿರುಚಿದ್ದು ಮೇಸ್ತ್ರಿ. ಫಾದರ್ ಎರಡು ಲೋಟ ಕುಡಿದರು.

ಆಮೇಲೆ ಭೇರ್ಯದ ಕಡೆ, ಎಚ್.ಡಿ. ಕೋಟೆ ಕಡೆ ಎಲ್ಲ ಮನೆ ಕಟ್ಟಿದೆವು. ಮನೆ ಸಿಕ್ಕವರು ಮುಂದಿನ ಮನೆಗೆ ಆಳು. ಪಾಯದ ಅಳತೆಗೆ ದಾರ ಹಿಡಿಯುವ ಮುಂಚೆ ಮೇಸ್ತ್ರಿಯ ಮೊದಲ ಪ್ರಶ್ನೆ, "ನಿಂಗೆಂಗೆ ಬೇಕವ್ವ?"

ಹೋದ ವರ್ಷ ಮೇಸ್ತ್ರಿ ತೀರಿಕೊಂಡರು. ಮಣ್ಣು ಮಾಡಿ ಬಂದವನೇ ನಾನು ವಾಟ್ಸಾಪ್ ಗ್ರೂಪಿಗೆ ಹಾಕಿದೆ, ಈ ಭಾನುವಾರ ಕೆಲಸಕ್ಕೆ ರಜೆ. ತಕ್ಷಣ ಕಟ್ಟೆಮಳಲವಾಡಿಯ ಆ ಹೆಂಗಸಿನ ಫೋನು.

"ಯಾರ್ನ ಕೇಳಿ ರಜಾ ಕೊಟ್ರಿ? ಪಿರಿಯಾಪಟ್ಟಣದ ಅಜ್ಜಿ ಮನೇಗೆ ಇನ್ನೂ ಸೂರಿಲ್ಲ. ಅವಳ್ನ ಕೇಳಿದ್ರಾ?"

ಕೇಳಿರಲಿಲ್ಲ. ಭಾನುವಾರ ಪಿರಿಯಾಪಟ್ಟಣಕ್ಕೆ ಹೋದೆ. ಆಕೆ ಕರಣೆ ಹಿಡಿದು ಇಟ್ಟಿಗೆ ಸಾಲು ಕಟ್ಟುತ್ತಿದ್ದರು. ನಾವು ಕಟ್ಟಿಕೊಟ್ಟ ಮನೆಗಳವರೆಲ್ಲ ಟೆಂಪೋ ಮಾಡಿಕೊಂಡು ಬಂದಿದ್ದರು. ಜನ ಎಷ್ಟಿದ್ದರೆಂದರೆ, ಹೊರೋಣ ಅಂದರೆ ನನಗೊಂದು ಬಾಂಡ್ಲಿ ಸಿಗಲಿಲ್ಲ.

ನಿಮ್ಮೂರಲ್ಲೂ ಹೀಗೆ ಕೇಳಿ ಕೆಲಸ ಮಾಡಿದವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರ ಕಥೆಯನ್ನು ಕೆಳಗೆ ಬರೆಯಿರಿ. ಉದ್ದ ಆದರೂ ಪರವಾಗಿಲ್ಲ, ಕೂತು ಓದುತ್ತೇನೆ.